‘ಬುಲ್ಲಿಟ್’ ಮೇಲೋ, ‘ದಿ ಫ್ರೆಂಚ್ ಕನೆಕ್ಷನ್’ ಮೇಲೋ?

‘ಬುಲ್ಲಿಟ್’ ಮತ್ತು ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರಗಳ ಕಾರ್ ಚೇಸ್‌ಗಳಲ್ಲಿ ಯಾವುದು ಮೇಲು, ಅವುಗಳ ಸಾಲಿನಲ್ಲಿ ನಿಲ್ಲಬಲ್ಲ ಬೇರೆ ದೃಶ್ಯಗಳಿವೆಯೇ ಎಂದು ತಾವು ಕೇಳಿದ್ದೀರಿ. ಎರಡನ್ನೂ ಹಲವು ಬಾರಿ ನೋಡಿರುವ ನಾನು ‘ದಿ ಫ್ರೆಂಚ್ ಕನೆಕ್ಷನ್’ ಅನ್ನೇ ಆರಿಸುತ್ತೇನೆ. ನಾನು ಹಾಗೆ ಆರಿಸಲು ಕಾರಣ ವೇಗವಲ್ಲ, ರಸ್ತೆಯಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿರುವ ಜನರನ್ನು ಆ ಚಿತ್ರ ಕಾಣುವ ರೀತಿ.

ಪೀಟರ್ ಯೇಟ್ಸ್ ನಿರ್ದೇಶನದ ‘ಬುಲ್ಲಿಟ್’ (1968) ಚಿತ್ರದ ಚೇಸ್ ಸುಮಾರು 11 ನಿಮಿಷಗಳದ್ದು. ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಲ್ಲಿ ಇಬ್ಬರು ಕೊಲೆಗಾರರು ಕಪ್ಪು ಡಾಡ್ಜ್ ಚಾರ್ಜರ್‌ನಲ್ಲಿ ಪತ್ತೇದಾರನ ಪಾತ್ರದಲ್ಲಿರುವ ನಟ ಸ್ಟೀವ್ ಮೆಕ್ವೀನ್‌ನ ಹಸಿರು ಮಸ್ಟ್ಯಾಂಗ್ ಕಾರನ್ನು ಹಿಂಬಾಲಿಸುತ್ತಿರುತ್ತಾರೆ; ಮಸ್ಟ್ಯಾಂಗ್ ಕಣ್ಮರೆಯಾಗುತ್ತದೆ, ಮರುಗಳಿಗೆಯಲ್ಲಿ ಅದು ಅವರದೇ ಹಿನ್ನೋಟದ ಕನ್ನಡಿಯಲ್ಲಿ ಮೂಡುತ್ತದೆ. ಒಂದು ಮಾತೂ ಇಲ್ಲದೆ ಬೇಟೆಗಾರರು ಬೇಟೆಯಾಗುತ್ತಾರೆ. ಚಾರ್ಜರ್‌ನ ಚಾಲಕ ಸೀಟ್ ಬೆಲ್ಟ್ ಬಿಗಿದುಕೊಳ್ಳುತ್ತಾನೆ, ಟೈರುಗಳು ಕಿರುಚುತ್ತವೆ, ಅಲ್ಲಿಯವರೆಗೆ ನಿಧಾನವಾಗಿ ಕಾವೇರುತ್ತಿದ್ದ ಲಾಲೋ ಶಿಫ್ರಿನ್ ಅವರ ಸಂಗೀತ ಥಟ್ಟನೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕೇಳುವುದು ಎಂಜಿನ್ ಮತ್ತು ಗೇರುಗಳ ಸದ್ದು ಮಾತ್ರ. ಸಂಕಲನಕಾರ ಫ್ರಾಂಕ್ ಪಿ. ಕೆಲ್ಲರ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ದೊರೆತದ್ದು ಸಂಪೂರ್ಣ ನ್ಯಾಯವೆಂದೇ ನನ್ನ ಭಾವನೆ. ಒಂದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಎರಡೂ ವಾಹನಗಳು ಮತ್ತೆ ಮತ್ತೆ ಹಿಂದಿಕ್ಕುವುದನ್ನು ದೋಷವೆಂದು ಹಲವರು ಎತ್ತಿ ತೋರಿಸುತ್ತಾರೆ; ಒಂದೇ ಓಟವನ್ನು ಬೇರೆ ಬೇರೆ ಕೋನಗಳಿಂದ ಬಳಸಿದ್ದರಿಂದ ಆದದ್ದು ಅದು, ದೃಶ್ಯದ ಬಿಗಿಯನ್ನು ಅದು ಸಡಿಲಿಸುವುದಿಲ್ಲ.

ವಿಲಿಯಂ ಫ್ರೀಡ್ಕಿನ್ ನಿರ್ದೇಶನದ ‘ದಿ ಫ್ರೆಂಚ್ ಕನೆಕ್ಷನ್’ (1971) ಚಿತ್ರದಲ್ಲಿ ಬೆನ್ನಟ್ಟಬೇಕಾದ ಕಾರೇ ಇಲ್ಲ. ಕೊಲೆಗಾರ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಎತ್ತರಿಸಿದ ಹಳಿಗಳ ಮೇಲೆ ಓಡುವ ರೈಲಿನಲ್ಲಿದ್ದಾನೆ. ಜೀನ್ ಹ್ಯಾಕ್‌ಮನ್ ಅಭಿನಯಿಸಿದ ಪತ್ತೇದಾರ ಡಾಯ್ಲ್, ದಾರಿಹೋಕನೊಬ್ಬನಿಂದ ಕಸಿದುಕೊಂಡ ಪಾಂಟಿಯಾಕ್ ಕಾರಿನಲ್ಲಿ ಅದೇ ಹಳಿಗಳ ಕೆಳಗಿನ ಬೀದಿಯಲ್ಲಿ, ಕಂಬಗಳ ನಡುವೆ ನುಗ್ಗುತ್ತಾನೆ. ಕಣ್ಣನ್ನು ಮೇಲಿಟ್ಟರೆ ಮುಂದಿನ ರಸ್ತೆ ಕಾಣದು, ರಸ್ತೆ ನೋಡಿದರೆ ರೈಲು ತಪ್ಪಿಹೋದೀತು. ದೃಶ್ಯದ ಆತಂಕವೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟುತ್ತದೆ.

ಎರಡೂ ಚಿತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಕ್ಷಣವೊಂದಿದೆ, ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ‘ಬುಲ್ಲಿಟ್’ನಲ್ಲಿ ಬೈಕ್ ಸವಾರನೊಬ್ಬ ದಾರಿಯಲ್ಲಿ ಉರುಳಿದಾಗ ಮಸ್ಟ್ಯಾಂಗ್ ಅವನನ್ನು ತಪ್ಪಿಸಲು ರಸ್ತೆಯನ್ನೇ ಬಿಟ್ಟು ಧೂಳೆಬ್ಬಿಸಿಕೊಂಡು ಹೊರಳುತ್ತದೆ. (ಹಾಗೆ ಉರುಳಿದವರು ಸ್ಟಂಟ್ ಕಲಾವಿದ ಬಡ್ ಎಕಿನ್ಸ್.) ನಾಯಕನ ಸಂಯಮ, ಕೌಶಲ, ಕಾಳಜಿ ಮೂರೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಡಾಯ್ಲ್‌ನ ಎದುರಿಗೆ ಮಗುವಿನ ತಳ್ಳುಗಾಡಿ ಹಿಡಿದ ತಾಯಿ ಬರುತ್ತಾಳೆ. ಅವನೂ ಸ್ಟಿಯರಿಂಗ್ ತಿರುಗಿಸಿ ಕಸದ ರಾಶಿಗೆ ನುಗ್ಗುತ್ತಾನೆ, ಆದರೆ ಆಮೇಲೆ ಅವನು ವೇಗ ತಗ್ಗಿಸುವುದಿಲ್ಲ. ಈ ಮನುಷ್ಯನನ್ನು ಯಾರೂ ತಡೆಯಲಾರರು ಎಂಬ ಭಯ ನನ್ನನ್ನು ಹಿಡಿಯುವುದು ಅಲ್ಲಿಯೇ. ‘ಬುಲ್ಲಿಟ್’ ಅನ್ನು ನಾನು ಬೆರಗಿನಿಂದ ನೋಡುತ್ತೇನೆ. ‘ದಿ ಫ್ರೆಂಚ್ ಕನೆಕ್ಷನ್’ ನೋಡುವಾಗ ಇದು ಬೇಗ ಮುಗಿಯಲಿ ಎಂದು ಮನಸ್ಸು ಬೇಡಿಕೊಳ್ಳುತ್ತದೆ.

ಇಲ್ಲಿ ನನ್ನನ್ನು ಕಾಡುವ ಒಂದು ಸಂಗತಿಯನ್ನು ಮರೆಮಾಚಲಾರೆ. ಫ್ರೀಡ್ಕಿನ್ ಮುಂದೆ ತಾವೇ ಹೇಳಿಕೊಂಡಂತೆ, ಆ ಚೇಸ್‌ನ ಒಂದು ಭಾಗವನ್ನು ಸಂಚಾರ ತಡೆಯದೆ, ಸರಿಯಾದ ಅನುಮತಿಯಿಲ್ಲದೆ, ನಿಜವಾದ ವಾಹನಗಳ ನಡುವೆಯೇ ಚಿತ್ರೀಕರಿಸಲಾಗಿತ್ತು. ತಾಯಿಯ ಪಾತ್ರದಲ್ಲಿದ್ದವರು ಸ್ಟಂಟ್ ಕಲಾವಿದೆ, ಆದರೆ ಆ ಬೀದಿಯಲ್ಲಿದ್ದ ಎಲ್ಲರೂ ಕಲಾವಿದರಾಗಿರಲಿಲ್ಲ. ಜನಸಾಮಾನ್ಯರ ಅಪಾಯವನ್ನು ಇಷ್ಟು ತೀವ್ರವಾಗಿ ಮನಗಾಣಿಸಿದ ದೃಶ್ಯವೇ ಅವರನ್ನು ನಿಜವಾದ ಅಪಾಯಕ್ಕೆ ಒಡ್ಡಿತ್ತು. ನನ್ನ ಮೆಚ್ಚುಗೆಯೂ ನಿಜ, ಈ ಆಕ್ಷೇಪವೂ ನಿಜ.

ಎರಡೂ ಚಿತ್ರಗಳನ್ನು ಬೆಸೆಯುವ ಕೈಗಳೂ ಇವೆ. ಎರಡನ್ನೂ ನಿರ್ಮಿಸಿದವರು ಫಿಲಿಪ್ ಡಿ’ಆಂಟೋನಿ. ಚಾರ್ಜರ್ ಓಡಿಸಿದ ಸ್ಟಂಟ್ ಚಾಲಕ ಬಿಲ್ ಹಿಕ್‌ಮನ್ ಅವರೇ ಪಾಂಟಿಯಾಕ್ ಅನ್ನೂ ಓಡಿಸಿದರು. ಡಿ’ಆಂಟೋನಿ ತಾವೇ ನಿರ್ದೇಶಿಸಿದ ‘ದಿ ಸೆವೆನ್-ಅಪ್ಸ್’ (1973) ಚಿತ್ರದಲ್ಲಿಯೂ ಹಿಕ್‌ಮನ್ ಚಕ್ರ ಹಿಡಿದಿದ್ದಾರೆ. ಕೌಶಲದಲ್ಲಿ ಅದು ಮೊದಲೆರಡಕ್ಕೆ ಕಡಿಮೆಯಿಲ್ಲ. ಜಾನ್ ಫ್ರಾಂಕನ್‌ಹೈಮರ್ ಅವರ ‘ರೋನಿನ್’ (1998) ಚಿತ್ರದ ಪ್ಯಾರಿಸ್ ಚೇಸ್ ತಾಂತ್ರಿಕವಾಗಿ ಇವೆಲ್ಲಕ್ಕಿಂತ ಸ್ಪಷ್ಟವಾದದ್ದು; ಯಾವ ಕಾರು ಎಲ್ಲಿದೆ ಎಂಬ ಗೊಂದಲ ಒಮ್ಮೆಯೂ ಆಗುವುದಿಲ್ಲ.

ಆದರೂ ತಾವು ಇನ್ನೊಂದನ್ನು ಮಾತ್ರ ನೋಡುವುದಾದರೆ, ಫ್ರೀಡ್ಕಿನ್ ಅವರದೇ ‘ಟು ಲಿವ್ ಅಂಡ್ ಡೈ ಇನ್ ಎಲ್.ಎ.’ (1985) ನೋಡಿ. ಅಲ್ಲಿ ಓಡುತ್ತಿರುವವರೇ ಕಾನೂನು ಕಾಯಬೇಕಾದ ಅಧಿಕಾರಿಗಳು, ಅವರು ಹೆದ್ದಾರಿಯಲ್ಲಿ ಎದುರು ದಿಕ್ಕಿನ ವಾಹನಗಳ ಪ್ರವಾಹಕ್ಕೇ ನುಗ್ಗುತ್ತಾರೆ. ಜೊತೆಗಾರ ಹಿಂದಿನ ಸೀಟಿನಲ್ಲಿ ಭಯದಿಂದ ಕಂಗೆಟ್ಟು ಕುಳಿತಿರುವಾಗ, ಸ್ಟಿಯರಿಂಗ್ ಹಿಡಿದವನ ಮುಖದ ಮೇಲೆ ಉತ್ಸಾಹ ಮೂಡಿರುವುದನ್ನು ದಯವಿಟ್ಟು ಗಮನಿಸಿ.