ಕೊರೊನಾ ವಿರುದ್ಧ ಪ್ರಾಜೆಕ್ಟ್ ಮಾಡಬೇಕು: ನೆಲಬೇವು, ಅಮೃತಬಳ್ಳಿ, ಅರಿಶಿನ, ಯಾವುದು ಒಳ್ಳೆಯದು?

ಹಾಸನದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೀರಿ, ಮೂರರಲ್ಲಿ ಒಂದನ್ನು ಆರಿಸಿಕೊಡಿ ಅಂತ ಕೇಳಿದ್ದೀರಿ. ಕೊರೊನಾಗೆ ಮದ್ದು ಅಂತ ನಾನು ಯಾವುದನ್ನೂ ಆರಿಸಿಕೊಡಲ್ಲ. 2021ರಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಓಡಾಡಿದ್ದೇನೆ.

ಕಾಲೇಜು ಮುಚ್ಚಿತ್ತು. ಸಕಲೇಶಪುರದ ಹತ್ತಿರ ನಮ್ಮ ಮನೆಯಲ್ಲಿ, ಕರೆಂಟ್ ಇದ್ದಾಗೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಡಾಕಿಂಗ್ (ಒಂದು ಅಣು ಪ್ರೋಟೀನಿಗೆ ಎಷ್ಟು ಚೆನ್ನಾಗಿ ಕೂರುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು) ಮಾಡುತ್ತಿದ್ದೆ. ವೈರಸ್ಸಿನ ಉದ್ದನೆಯ ಪ್ರೋಟೀನನ್ನು ಕತ್ತರಿಸುವ ಮೇನ್ ಪ್ರೋಟಿಯೇಸ್ ಅನ್ನೋ ಕಿಣ್ವ ಇದೆಯಲ್ಲ, ಅದರ ರಚನೆ 2020ರ ಫೆಬ್ರವರಿಯಲ್ಲೇ ಎಲ್ಲರಿಗೂ ಸಿಕ್ಕಿತ್ತು. ಅದಕ್ಕೆ ಗಿಡಗಳ ಅಂಶಗಳನ್ನು ಒಂದೊಂದಾಗಿ ಕೂರಿಸಿ ನೋಡಿದೆ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್‌ಗೆ ಒಳ್ಳೆ ಸ್ಕೋರ್ ಬಂತು. ಹಲವು ಗಿಡಗಳಲ್ಲಿರೋ ಕ್ವೆರ್ಸೆಟಿನ್‌ಗೂ ಬಂತು. ಉಂಗುರ ಜಾಸ್ತಿ ಇರೋ ಅಣು ಯಾವುದನ್ನು ಹಾಕಿದರೂ ಸಾಮಾನ್ಯವಾಗಿ ಬರುತ್ತೆ ಅಂತ ಆಗ ಯಾರೂ ಹೇಳಿರಲಿಲ್ಲ.

ಲಾಕ್‌ಡೌನ್ ಮುಗಿದ ಮೇಲೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕರ್ಕ್ಯುಮಿನ್ ನಿಜವಾಗಿ ಆ ಕಿಣ್ವವನ್ನು ತಡೆಯುತ್ತಾ ಅಂತ ಪರೀಕ್ಷಿಸೋ ಅವಕಾಶ ಸಿಕ್ಕಿತು. ನಾನು ಎಡವಿದ್ದು ಅಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವುತ್ತೀರಿ ಅಂತ ಭಯ ನನಗೆ.

ಆ ಪರೀಕ್ಷೆಯಲ್ಲಿ ಒಂದು ಚಿಕ್ಕ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥದ್ದು) ಬಳಸುತ್ತಾರೆ. ಒಂದು ತುದಿಯಲ್ಲಿ ಹೊಳೆಯುವ ಅಣು, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ನುಂಗುವ ಅಣು. ಕಿಣ್ವ ಮಧ್ಯೆ ಕತ್ತರಿಸಿದರೆ ಎರಡೂ ದೂರವಾಗಿ ಹೊಳಪು ಏರುತ್ತೆ. ಕರ್ಕ್ಯುಮಿನ್ ಹಾಕಿದ ವೆಲ್‌ಗಳಲ್ಲಿ (ಪರೀಕ್ಷೆಯ ಪ್ಲೇಟಿನ ಚಿಕ್ಕ ಗುಳಿಗಳಲ್ಲಿ) ಹೊಳಪು ಏರಲೇ ಇಲ್ಲ. ಕಿಣ್ವ ನಿಂತುಹೋಯ್ತು ಅಂತ ಬರೆದುಕೊಂಡೆ. ಆದರೆ ಕರ್ಕ್ಯುಮಿನ್ ಕಡು ಹಳದಿ. ಆ ಬಣ್ಣವೇ ನೀಲಿ ಬೆಳಕನ್ನು, ಅಂದರೆ ಈ ಹೊಳಪನ್ನೇ, ನುಂಗುತ್ತೆ. ಕಿಣ್ವ ತನ್ನ ಪಾಡಿಗೆ ತಾನು ಕತ್ತರಿಸುತ್ತಿದ್ದರೂ ಮೆಷಿನ್‌ಗೆ ಹೊಳಪು ಕಾಣಲ್ಲ. ನಾನು ಮಾಡಬೇಕಿದ್ದದ್ದು ಇಷ್ಟೇ: ಮೊದಲೇ ಕತ್ತರಿಸಿ ಹೊಳೆಯುತ್ತಿರುವ ದ್ರಾವಣಕ್ಕೆ, ಕಿಣ್ವ ಇಲ್ಲದೆ, ಅಷ್ಟೇ ಕರ್ಕ್ಯುಮಿನ್ ಹಾಕಿ ನೋಡುವುದು. ಅಲ್ಲೂ ಹೊಳಪು ಕುಸಿದರೆ ಅದು ಬಣ್ಣದ ಕೆಲಸ, ಔಷಧದ್ದಲ್ಲ. ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಆ ಕಂಟ್ರೋಲ್ (ಹೋಲಿಕೆಯ ಪರೀಕ್ಷೆ) ಮಾಡಿದೆ, ಹೊಳಪು ಕುಸಿಯಿತು. ಬರೆಯುತ್ತಿದ್ದ ಪೇಪರ್ ಕೈಬಿಟ್ಟೆ, ಅದನ್ನೇ ನಂಬಿಕೊಂಡಿದ್ದ ಪಿಎಚ್‌ಡಿ ಸೀಟೂ ಹೋಯಿತು.

ಆದ್ದರಿಂದ "ಯಾವ ಗಿಡ" ಅನ್ನೋ ಪ್ರಶ್ನೆಯನ್ನೇ ಬಿಡಿ. ಪ್ಲೇಟಿನಲ್ಲಿ ವೈರಸ್ ನಿಲ್ಲಿಸುವುದಕ್ಕೂ ಮನುಷ್ಯನಲ್ಲಿ ನಿಲ್ಲಿಸುವುದಕ್ಕೂ ತುಂಬಾ ದೂರ ಇದೆ. ಸಿಂಕೋನಾ ತೊಗಟೆಯ ಕ್ವಿನೈನ್ ಜಾಡಿನಲ್ಲಿ ಬಂದ ಮಲೇರಿಯಾ ಮದ್ದು ಕ್ಲೋರೋಕ್ವಿನ್ ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಕೊರೊನಾವನ್ನು ತಡೆಯಿತು, ಮನುಷ್ಯನ ಶ್ವಾಸಕೋಶದ ಜೀವಕೋಶಗಳಲ್ಲಿ ತಡೆಯಲಿಲ್ಲ. ಅಲ್ಲಿ ವೈರಸ್ ಒಳಗೆ ಹೋಗುವ ದಾರಿಯೇ ಬೇರೆ. ನಮ್ಮ ಕಡೆ ಬೇಲಿಯಲ್ಲಿ ಅರಳುವ ಗೌರಿ ಹೂವಿನ ಗಿಡದಲ್ಲಿ ಕಾಲ್ಚಿಸಿನ್ ಅನ್ನೋ ಅಂಶ ಇದೆ. ಬ್ರಿಟನ್ನಿನ ರಿಕವರಿ ಅನ್ನೋ ದೊಡ್ಡ ಪ್ರಯೋಗದಲ್ಲಿ 11,000ಕ್ಕೂ ಹೆಚ್ಚು ಕೊರೊನಾ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಕೊಟ್ಟವರಲ್ಲೂ ಕೊಡದವರಲ್ಲೂ ಸಾವು ಒಂದೇ, 28 ದಿನಗಳಲ್ಲಿ 21%. ಕರ್ಕ್ಯುಮಿನ್ ಅಂತೂ ತಿಂದರೆ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅದೇ ಮೇನ್ ಪ್ರೋಟಿಯೇಸ್ ಮೇಲೆ ನಿಜವಾಗಿ ಕೆಲಸ ಮಾಡುವ ನಿರ್ಮಾಟ್ರೆಲ್ವಿರ್ ಔಷಧವನ್ನು ಕೂಡ, ಲಿವರ್ ಬೇಗ ಒಡೆದುಹಾಕದಂತೆ ರಿಟೊನಾವಿರ್ ಅನ್ನೋ ಇನ್ನೊಂದು ಔಷಧದ ಜೊತೆಗೇ ಕೊಡಬೇಕು.

ಗಿಡದಿಂದ ಔಷಧ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಬಂದದ್ದು ಗಿಡದಿಂದಲೇ, ಅದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ "ಕೊರೊನಾಗೆ ಮದ್ದಾಗಬಹುದು" ಅಂತ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸುಮ್ನೆ ಒಂದು ಸಾಲು ಬರೆಯಬೇಡಿ. ಅದು ವಾಟ್ಸಾಪಿನಲ್ಲಿ ಊರು ಸುತ್ತುತ್ತೆ. ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟು ಬಿದ್ದವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ.

ಕಿಣ್ವದ ಪರೀಕ್ಷೆಗೆ ಲ್ಯಾಬ್ ಸಿಗದಿದ್ದರೆ ಡಾಕಿಂಗ್ ಒಂದನ್ನೇ ಮಾಡಿ ಮುಗಿಸಬೇಡಿ. ಕೊರೊನಾ ಮದ್ದು ಅಂತಲ್ಲ, ಅಳೆಯೋ ಕೆಲಸಕ್ಕೆ ನೆಲಬೇವು ತಗೊಳ್ಳಿ. ಹೂ ಬಿಡುವ ಮುಂಚೆ, ಬಿಟ್ಟಾಗ, ಬಿಟ್ಟ ಮೇಲೆ ಎಲೆ ಕೊಯ್ದು, ಅದರ ಕಹಿ ಅಂಶ ಆಂಡ್ರೋಗ್ರಾಫೊಲೈಡ್ ಎಷ್ಟಿದೆ ಅಂತ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯೋ ಯಂತ್ರದಲ್ಲಿ) ಅಳೆಯಿರಿ. ಹೋಲಿಸಿ ನೋಡಲು ಬೇಕಾದ ಶುದ್ಧ ಆಂಡ್ರೋಗ್ರಾಫೊಲೈಡ್ (ಸ್ಟ್ಯಾಂಡರ್ಡ್) ದುಬಾರಿ, ಈಗಲೇ ಗೈಡ್ ಹತ್ತಿರ ಕೇಳಿ ಆರ್ಡರ್ ಹಾಕಿಸಿ.