ಆಪರೇಷನ್ ಆದ ಮೇಲೂ ಹಸಿವು ಯಾಕೆ ವಾಪಸ್ ಬರುತ್ತೆ?

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಮೂರು ವರ್ಷದ ಹಿಂದೆ ತೂಕ ಇಳಿಸಲು ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. 118 ಕೆಜಿ ಇದ್ದವಳು ಒಂದೂವರೆ ವರ್ಷದಲ್ಲಿ 74ಕ್ಕೆ ಇಳಿದೆ. ಮೊದಲ ವರ್ಷ ಹಸಿವು ಅನ್ನೋದೇ ಮರೆತುಹೋಗಿತ್ತು. ಈಗ 83 ಆಗಿದೆ. ಕೆಲಸಕ್ಕೆ ದಿನಾ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ಬೆಳಗ್ಗೆ ಬರೀ ಕಾಫಿ, ಮಧ್ಯಾಹ್ನ ಸಣ್ಣ ಡಬ್ಬಿಯಲ್ಲಿ ಮೊಸರನ್ನ. ರಾತ್ರಿ ಏಳೂವರೆಗೆ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ, ಲೈಟೂ ಹಾಕದೆ, ಡಬ್ಬದಿಂದ ಮಿಕ್ಸ್ಚರ್ ತಿನ್ನುತ್ತಾ ನಿಂತುಬಿಡುತ್ತೇನೆ. "ಅಷ್ಟು ಲಕ್ಷ ಸುರಿದಿದ್ದು ಇದಕ್ಕೇನಾ" ಅಂತಾರೆ ಅತ್ತೆ. ಆಸ್ಪತ್ರೆ ಕಡೆ ಹೋಗಿ ಒಂದೂವರೆ ವರ್ಷ ಆಯಿತು, ಅಲ್ಲಿ ತೂಕ ನೋಡಿಸಿಕೊಳ್ಳಲು ನಾಚಿಕೆ. ನನ್ನ ಹೊಟ್ಟೆ ಮತ್ತೆ ದೊಡ್ಡದಾಗಿದೆಯಾ? ಇನ್ನೊಂದು ಆಪರೇಷನ್ ಬೇಕಾ?
— ಹೆಸರು ಬೇಡ, ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 83 ಅನ್ನೋ ಅಂಕಿ ಅಲ್ಲ, ಲೈಟ್ ಹಾಕದ ಅಡುಗೆಮನೆ. ಹಸಿದವರು ಕತ್ತಲಲ್ಲಿ ನಿಂತು ತಿನ್ನುವಂಥ ತಪ್ಪು ನೀವು ಏನೂ ಮಾಡಿಲ್ಲ. ಇವತ್ತಿಗೂ ನೀವು ಮೊದಲಿಗಿಂತ 35 ಕೆಜಿ ಕಡಿಮೆ ಇದ್ದೀರಿ. ಅದನ್ನು ಮನೆಯಲ್ಲಿ ಯಾರೂ ಹೇಳಿದ ಹಾಗೆ ಕಾಣಲಿಲ್ಲ, ಅದಕ್ಕೇ ಮೊದಲು ನಾನು ಹೇಳುತ್ತಿದ್ದೇನೆ.

ಸ್ಲೀವ್ ಆಪರೇಷನ್‌ನಲ್ಲಿ ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ, ಆ ಭಾಗವೇ ಹೋಗಿರುತ್ತೆ. ಮೊದಲ ವರ್ಷ ಹಸಿವು ಮರೆತಿದ್ದು ಅದಕ್ಕೇ. ಆದರೆ ದೇಹ ಸುಮ್ನೆ ಕೂರುವುದಿಲ್ಲ. 44 ಕೆಜಿ ಕಳೆದುಕೊಂಡ ದೇಹಕ್ಕೆ ಎಲ್ಲೋ ಬರಗಾಲ ಬಂದಿದೆ ಅನ್ನಿಸುತ್ತೆ, ಅದು ಖರ್ಚು ಕಡಿಮೆ ಮಾಡಿ ನಿಧಾನಕ್ಕೆ ಹಸಿವನ್ನು ಮತ್ತೆ ಎಬ್ಬಿಸುತ್ತೆ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ತೂಕ ಎಲ್ಲಕ್ಕಿಂತ ಕೆಳಗೆ ಬಂದು ನಿಲ್ಲುತ್ತೆ, ಆಮೇಲೆ ಸ್ವಲ್ಪ ವಾಪಸ್ ಬರೋದು ತುಂಬಾ ಜನರಿಗೆ ಆಗುವಂಥದ್ದು.

ಹೊಟ್ಟೆ ದೊಡ್ಡದಾಗಿದೆಯಾ ಅಂದಿರಿ. ಸ್ವಲ್ಪ ಹಿಗ್ಗೋದು ಎಲ್ಲರಿಗೂ ಇದ್ದದ್ದೇ. ಬೇಯಿಸಿದ ಮೊಟ್ಟೆಯನ್ನು ನಿಧಾನವಾಗಿ ಅಗಿದು ತಿನ್ನಿ. ಒಂದೋ ಎರಡೋ ಆದಮೇಲೆ ಸಾಕು ಅನ್ನಿಸಿದರೆ ನಿಮ್ಮ ಹೊಟ್ಟೆ ಇನ್ನೂ ಕೆಲಸ ಮಾಡುತ್ತಿದೆ ಅಂತ ಅಂದುಕೊಳ್ಳಬಹುದು. ಆದರೆ ಅದೇ ಹೊಟ್ಟೆಗೆ ಮಿಕ್ಸ್ಚರ್ ಎಷ್ಟು ಬೇಕಾದರೂ ಹಿಡಿಯುತ್ತೆ! ಬಾಯಲ್ಲೇ ಪುಡಿಯಾಗಿ, ಜೊತೆಗೆ ಎರಡು ಗುಟುಕು ಕಾಫಿ ಕುಡಿದರೆ ಕೆಸರಿನ ಹಾಗಾಗಿ ಜಾರಿ ಹೋಗುತ್ತೆ, ಹೊಟ್ಟೆಯಲ್ಲಿ ನಿಲ್ಲೋದೇ ಇಲ್ಲ. ನೂರು ಗ್ರಾಂಗೆ 500 ಕ್ಯಾಲೊರಿ ದಾಟಿದರೂ ತುಂಬಿದ ಹಾಗೆ ಆಗಲ್ಲ. ರಸ್ಕು, ಬಿಸ್ಕತ್ತು, ಬೇಕರಿಯ ಖಾರಾ ಬನ್ನು, ಐಸ್‌ಕ್ರೀಮು ಎಲ್ಲಾ ಇದೇ ಜಾತಿ. ನಿಮ್ಮ ಮೊಸರನ್ನವೂ ಹೆಚ್ಚುಕಡಿಮೆ ಹೀಗೇ ಜಾರುತ್ತೆ.

ಈಗ ನನಗೆ ಮುಖ್ಯ ಅನ್ನಿಸಿದ ಮಾತು. ನಿಮ್ಮ ತೊಂದರೆ ಶುರುವಾಗೋದು ರಾತ್ರಿ ಏಳೂವರೆಗೆ ಅಲ್ಲ, ಬೆಳಗ್ಗೆ. ಕಾಫಿ, ನಾಲ್ಕು ಚಮಚ ಮೊಸರನ್ನ, ಅಷ್ಟರಲ್ಲೇ ಇಡೀ ದಿನ ದುಡಿದು ಅಷ್ಟು ದೂರ ಮೆಟ್ರೋದಲ್ಲಿ ನಿಂತು ಬಂದವರಿಗೆ ಹಸಿವಾಗದೆ ಇನ್ನೇನಾಗುತ್ತೆ? ಅದು ಚಪಲ ಅಲ್ಲ, ನಿಜವಾದ ಹಸಿವು. ಹಿಂದಿನ ರಾತ್ರಿ ತಿಂದದ್ದಕ್ಕೆ ಶಿಕ್ಷೆ ಅಂತ ಬೆಳಗ್ಗೆ ಉಪವಾಸ ಇರುತ್ತೀರಿ ಅಲ್ವಾ? ಇಂಥ ಪತ್ರಗಳಲ್ಲಿ ಹೆಚ್ಚಿನವರು ಬರೆಯೋದು ಅದನ್ನೇ. ದಯವಿಟ್ಟು ಅದನ್ನು ನಾಳೆಯಿಂದಲೇ ಬಿಡಿ.

ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಪನೀರ್‌ನಲ್ಲಿ ಸುಮಾರು 18, ಎರಡು ಇಡ್ಲಿಯಲ್ಲಿ ಬರೀ 4ರ ಹತ್ತಿರ. ಬೆಳಗ್ಗೆ ಹೊರಡುವ ಮುಂಚೆ ಎರಡು ಮೊಟ್ಟೆ, ಇಲ್ಲವೇ ಹೆಸರುಕಾಳಿನ ದೋಸೆಗೆ ಪನೀರ್ ತುರಿದು ಹಾಕಿಕೊಳ್ಳಿ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನಕ್ಕಿಂತ ಮೊದಲು ಕಾಳಿನ ಉಸಲಿ ಇಲ್ಲವೇ ಚಿಕನ್ ತಿನ್ನಿ. ಸಾರು ಬಡಿಸಿಕೊಳ್ಳುವಾಗ ಮೇಲಿನ ತಿಳಿ ಬೇಡ, ಸೌಟು ತಳಕ್ಕೆ ಹಾಕಿ ಬೇಳೆ ತೆಗೆದುಕೊಳ್ಳಿ. ಅವರೆಕಾಯಿ ಕಾಲದಲ್ಲಂತೂ ಇದು ಇನ್ನೂ ಸುಲಭ. ಊಟದ ಜೊತೆ ನೀರು ಕುಡಿಯಬೇಡಿ, ಮುಗಿದು ಅರ್ಧ ಗಂಟೆ ಆಗಲಿ. ಮೆಟ್ರೋದೊಳಗೆ ತಿನ್ನೋ ಹಾಗಿಲ್ಲ, ಹಾಗಾಗಿ ಆಫೀಸ್ ಬಿಡುವಾಗಲೇ ಒಂದು ಹಿಡಿ ಹುರಿಗಡಲೆ, ಒಂದು ಬಟ್ಟಲು ಗಟ್ಟಿ ಮೊಸರು ತಿಂದುಕೊಂಡೇ ಸ್ಟೇಷನ್‌ಗೆ ಹೋಗಿ. ಮನೆಗೆ ಬಂದ ಮೇಲೆ ಮಿಕ್ಸ್ಚರ್ ಬೇಕೇ ಬೇಕು ಅನ್ನಿಸಿದರೆ ಸಣ್ಣ ಬಟ್ಟಲಿಗೆ ಹಾಕಿಕೊಂಡು, ಲೈಟ್ ಹಾಕಿ, ಎಲ್ಲರ ಜೊತೆ ಕೂತು ತಿನ್ನಿ.

ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿರುತ್ತೆ. ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿ, ಬರೀ ನಡಿಗೆ ಸಾಲದು.

ಇನ್ನೊಂದು ಆಪರೇಷನ್ ವಿಷಯ ಈಗಲೇ ಯೋಚಿಸಬೇಡಿ. ಅದು ಇದೆ, ಸ್ಲೀವನ್ನು ಬೈಪಾಸ್‌ಗೆ (ಹೃದಯದ್ದಲ್ಲ, ಊಟ ಹೊಟ್ಟೆಯ ಹೆಚ್ಚಿನ ಭಾಗ ಬಿಟ್ಟು ಕರುಳಿಗೆ ಇಳಿಯುವ ಹಾಗೆ ಮಾಡೋದು) ಬದಲಾಯಿಸುತ್ತಾರೆ, ಆದರೆ ಮೊದಲನೆಯದಕ್ಕಿಂತ ಅಪಾಯ ಜಾಸ್ತಿ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳಾದ ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮಲ್ಲೂ ಬಂದವು. ಆಪರೇಷನ್ ಆದವರಿಗೂ ವೈದ್ಯರು ಕೊಡುವುದುಂಟು. ಹಸಿವು ಚೆನ್ನಾಗಿ ತಗ್ಗುತ್ತೆ, ನಿಲ್ಲಿಸಿದರೆ ತೂಕ ಮತ್ತೆ ಬರುವುದೂ ಇದೆ. ವೈದ್ಯರ ಚೀಟಿ ಇಲ್ಲದೆ ಖಂಡಿತ ಬೇಡ.

ಹಾಗಾಗಿ ಆಸ್ಪತ್ರೆಗೆ ಹೋಗಲೇಬೇಕು, ತೂಕಕ್ಕಾಗಿ ಮಾತ್ರ ಅಲ್ಲ. ಬಿ12, ಕಬ್ಬಿಣ, ವಿಟಮಿನ್ ಡಿ ಆಪರೇಷನ್ ಆದವರು ಜೀವನಪೂರ್ತಿ ನೋಡಿಸಿಕೊಳ್ಳಬೇಕಾದವು, ನೀವು ಒಂದೂವರೆ ವರ್ಷದಿಂದ ನೋಡಿಸಿಲ್ಲ. ಪಾದ ಜೋಮು ಹಿಡಿಯೋದು, ಸುಸ್ತು, ರಾತ್ರಿ ಎದೆಯುರಿ ಇದ್ದರೆ ಮರೆಯದೆ ಹೇಳಿ. ಥೈರಾಯ್ಡ್ ನೋಡಿಸಿ. ಬೇರೆ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ, ಸ್ಟೀರಾಯ್ಡ್ ಮತ್ತು ಖಿನ್ನತೆಯ ಕೆಲವು ಮಾತ್ರೆಗಳಿಂದ ತೂಕ ಏರುತ್ತೆ. ಅಲ್ಲಿ ಯಾರಾದರೂ ಗದರಿದರೆ ಬೇರೆ ವೈದ್ಯರ ಹತ್ತಿರ ಹೋಗಿ, ಚಿಕಿತ್ಸೆ ಮಾತ್ರ ಬಿಡಬೇಡಿ.

ನಿಮ್ಮ ಅತ್ತೆಗೆ ನನ್ನ ಕಡೆಯಿಂದ ಒಂದು ಮಾತು. ಅಮ್ಮಾ, ಆ ದುಡ್ಡು ಹಾಳಾಗಿಲ್ಲ. ಸಂಜೆ ಅವರು ಬರುವ ಹೊತ್ತಿಗೆ ಎರಡು ಸೌಟು ಕಾಳುಸಾರು ಬಿಸಿಯಾಗಿದ್ದರೆ ಅದರಷ್ಟು ಉಪಕಾರ ಬೇರೆ ಇಲ್ಲ.

ಪ್ರಶ್ನೆ: ನನಗೆ ಬೈಪಾಸ್ ಮಾದರಿಯ ತೂಕದ ಆಪರೇಷನ್ ಆಗಿ ಎರಡು ವರ್ಷ. ಮದುವೆ ಮನೆಯಲ್ಲಿ ಖಾಲಿ ಹೊಟ್ಟೆಗೆ ಒಂದು ಹೋಳಿಗೆ ತಿಂದೆ. ಎರಡು ಗಂಟೆ ಬಿಟ್ಟು ಕೈ ನಡುಕ, ಬೆವರು, ತಡೆಯಲಾರದ ಹಸಿವು. ಏನಿದು?
— ಜೆ.ಪಿ. ನಗರದ ಓದುಗರು

ಉತ್ತರ: ಸಿಹಿ ಬೇಗ ಕರುಳಿಗೆ ಇಳಿದು, ಇನ್ಸುಲಿನ್ ಒಮ್ಮೆಲೇ ಜಾಸ್ತಿಯಾಗಿ, ಆಮೇಲೆ ರಕ್ತದ ಸಕ್ಕರೆ ಕುಸಿದಿರಬಹುದು. ಬೈಪಾಸ್ ಆದವರಲ್ಲಿ ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಹೀಗಾಗುವುದುಂಟು. ಮತ್ತೆ ಆದರೆ ಆ ಕ್ಷಣವೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋದ ಮೇಲೆ ಮೊಟ್ಟೆ ಅಥವಾ ಪನೀರ್ ತಿನ್ನಿ. ಅಂಕಿಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಇನ್ನೂ ನುಂಗುತ್ತಿದ್ದರೆ ಅವತ್ತೇ ಫೋನ್ ಮಾಡಿ. ನಡುಕ ಪೂರ್ತಿ ನಿಲ್ಲುವವರೆಗೂ ಗಾಡಿ ಓಡಿಸಬೇಡಿ.