ಪ್ರತಿಕ್ರಿಯೆ: ‘ಚೇಫ್’ ಅಂದರೆ ಬರೀ ಉಜ್ಜುವುದಲ್ಲ

ಸಿಂಧನೂರಿನಿಂದ ಕೇಳಿದವರಿಗೆ: ಕಾಲುವೆಯ ಕೊನೆಭಾಗದ ರೈತರು ವಾರಾಬಂದಿ (ಸರದಿಯಂತೆ ನೀರು ಹಂಚುವ) ನಿಯಮಕ್ಕೆ ‘ಚೇಫ್ಡ್ ಅಟ್’ (chafed at; ಮೂಲ ಪದ chafe) ಎಂದಿರುವ ಇಂಗ್ಲಿಷ್ ವಾಕ್ಯದಲ್ಲಿ ನಿಘಂಟಿನ ‘ಉಜ್ಜು’ ಕೂರುವುದಿಲ್ಲ ಎಂಬ ನಿಮ್ಮ ಅನುಮಾನ ಸರಿ. ಅಲ್ಲಿ ಅದರ ಅರ್ಥ ‘ಅಸಹನೆಯಿಂದ ಒಳಗೊಳಗೇ ಕುದಿದರು’.

ಎತ್ತಿನ ಹೆಗಲು ನೋಡಿ. ನೊಗ ಒಂದೇ ಕಡೆ ತಿಕ್ಕಿ ತಿಕ್ಕಿ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಆ ತಿಕ್ಕಾಟವೇ ಚೇಫ್. ಮನಸ್ಸಿಗೆ ಹಚ್ಚಿದಾಗಲೂ ಅದೇ ಚಿತ್ರ: ಕಳಚಿ ಎಸೆಯಲಾಗದ ಕಟ್ಟುಪಾಡು ದಿನವೂ ತಿಕ್ಕುವ ಕಿರಿಕಿರಿ. ಹಾಗಾಗಿ ಸೊಳ್ಳೆ ಕಾಟಕ್ಕೋ ಲೌಡ್‌ಸ್ಪೀಕರ್ ಗದ್ದಲಕ್ಕೋ ಇದು ಒಗ್ಗದು. ಅಲ್ಲಿಗೆ ‘ಅನಾಯ್’ (annoy, ಕಾಟ ಕೊಡು) ಸಾಕು.

ನಮ್ಮ ಕಡೆ ಹೆಚ್ಚು ತಪ್ಪಾಗುವುದು ಕರ್ತೃವಿನಲ್ಲಿ. ‘ಅನಾಯ್’ಗೆ ಕಾಟ ಕೊಡುವುದೇ ಕರ್ತೃ: ‘ದಿ ರೂಲ್ ಅನಾಯ್ಡ್ ದಿ ಫಾರ್ಮರ್ಸ್’. ‘ಚೇಫ್’ನಲ್ಲಿ ಸಾಮಾನ್ಯವಾಗಿ ಕಾಟ ಅನುಭವಿಸುವವರು ಕರ್ತೃ: ‘ದಿ ಫಾರ್ಮರ್ಸ್ ಚೇಫ್ಡ್ ಅಟ್ ದಿ ರೂಲ್’. ಈ ‘ಅಟ್’ ಬಿಡಬೇಡಿ, ಬಿಟ್ಟರೆ ರೈತರೇ ನಿಯಮವನ್ನು ಉಜ್ಜಿದಂತಾಗುತ್ತದೆ. ನಿಯಮ, ವಿಳಂಬಕ್ಕೆ ‘ಅಟ್’. ಯಾರದೋ ಆಳ್ವಿಕೆ, ಹಿಡಿತದ ಕೆಳಗಿದ್ದರೆ ‘ಅಂಡರ್’.

ಉಚ್ಚಾರ ‘ಸೇಫ್’ ಇದ್ದಂತೆ. ಬರೆಯುವಾಗ ಎಫ್ ಎರಡಾಗಿ ಕೊನೆಯ ಇ ಬಿಟ್ಟುಹೋದರೆ (chaff) ಅದು ಧಾನ್ಯದ ಹೊಟ್ಟು, ಬೇರೆಯೇ ಪದ. ಮದುವೆ ಬಫೆಯಲ್ಲಿ ಕೆಳಗೆ ಉರಿಯಿಟ್ಟು ಅನ್ನ ಆರದಂತೆ ಕಾಯುವ ‘ಚೇಫಿಂಗ್ ಡಿಶ್’ ಮಾತ್ರ ಇದರ ಖಾಸಾ ನೆಂಟ: ಹಳೆಯ ಫ್ರೆಂಚಿನಲ್ಲಿ ಈ ಕ್ರಿಯಾಪದದ ಮೂಲಾರ್ಥ ‘ಬಿಸಿ ಮಾಡು’.